ಬಾಣ ಎಡಕ್ಕೆ ಹೋಗ್ತಿದೆ, ಗೋಣಿಚೀಲ ತಡೀತಿಲ್ಲ, ಲೈಸೆನ್ಸ್ ಬೇಕಾ?

ಪ್ರಶ್ನೆ: ಚಿಕ್ಕಮಗಳೂರು ಹತ್ತಿರ, ಮನೆ ಹಿಂದೆ 10 ಮೀಟರ್ ಜಾಗ, ಕೊನೆಗೆ ದರೆ (ಕಡಿದಾದ ಮಣ್ಣಿನ ದಿಬ್ಬ). 68 ಇಂಚಿನ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿದ್ದು), ಎಳೆಯೋ ಬಲ 24 ಪೌಂಡ್, 500 ಸ್ಪೈನ್ (ಬಾಣ ಎಷ್ಟು ಬಾಗುತ್ತೆ ಅನ್ನೋ ಅಂಕೆ) ಕಾರ್ಬನ್ ಬಾಣ, ಬಲಗೈ. ಬಾಣಗಳು ಒಟ್ಟಿಗೇ ಬೀಳ್ತವೆ, ಆದ್ರೆ ಅರ್ಧ ಅಡಿ ಎಡಕ್ಕೆ. ಹುಲ್ಲು ತುಂಬಿದ ಕಾಫಿ ಚೀಲವನ್ನು ತೂರಿ ದರೆಗೆ ಹೊಡೀತವೆ. ಪಕ್ಕದ ಮನೆಯವರು ಲೈಸೆನ್ಸ್ ಎಲ್ಲಿ ಅಂತಿದಾರೆ.

ಉತ್ತರ: 24 ಪೌಂಡಿಗೆ 500 ಸ್ಪೈನ್ ತೀರಾ ಬಿಗಿ ಸರ್, ಅಂಕೆ ಹೆಚ್ಚಾದಷ್ಟೂ ಬಾಣ ಮೆತ್ತಗೆ. ಬಿಗಿ ಬಾಣ ಬಲಗೈಯವರಿಗೆ ಎಡಕ್ಕೇ ಹೋಗೋದು. ಖಾತ್ರಿಗೆ ಒಂದು ಬಾಣದ ಗರಿ ತೆಗೆದು, ಗರಿ ಇರುವವುಗಳ ಜೊತೆ ಬಿಡಿ. ಅದು ಇನ್ನೂ ಎಡಕ್ಕೆ ಬಿದ್ದರೆ ಬಿಗಿಯೇ ಕಾರಣ. ಮೇಲೆ ಬಿದ್ದರೆ ನಾಕಿಂಗ್ ಪಾಯಿಂಟ್ (ದಾರಕ್ಕೆ ಬಾಣ ಸಿಕ್ಕಿಸುವ ಜಾಗ) ಸ್ವಲ್ಪ ಮೇಲಕ್ಕೆ ಸರಿಸಿ. ಬ್ರೇಸ್ ಹೈಟ್ (ಬಿಲ್ಲಿನ ಹಿಡಿಗೂ ದಾರಕ್ಕೂ ಇರುವ ಅಂತರ) ಎಂಟೂವರೆಯಿಂದ 9 ಇಂಚು ಇರಲಿ, ಕಮ್ಮಿ ಇದ್ದರೆ ದಾರಕ್ಕೆ ನಾಲ್ಕು ಸುತ್ತು ಹೆಚ್ಚಿಗೆ ತಿರುಚಿ. ಭಾರದ ಮೊನೆ ಹಾಕಿದ್ರೂ 500 ಸರಿಹೋಗಲ್ಲ. ನೀವು ದಾರ ಎಳೆಯುವ ಉದ್ದ 28 ಇಂಚಿನ ಆಸುಪಾಸಾದರೆ 900-1000 ಸ್ಪೈನ್ ಕೊಳ್ಳಿ.

ಇನ್ನೊಂದು ಉತ್ತರ: ಹುಲ್ಲು ಬೇಡ, ಸಡಿಲ. ಹಳೇ ಬಟ್ಟೆಯ ಜಿಪ್ಪು, ಗುಂಡಿ ಕಿತ್ತು, ಕಾಲಲ್ಲಿ ತುಳಿದು ತುಂಬಿ. ಮೇಲೊಂದು ಶೀಟ್ ಇಲ್ಲದಿದ್ದರೆ ನಮ್ಮ ಮಳೆಗೆ ಬೂಷ್ಟು ಗ್ಯಾರಂಟಿ. ಚೀಲದ ಹಿಂದೆ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟನ್ನು ಮೇಲಿಂದ ಮಾತ್ರ ಕಟ್ಟಿ ಇಳಿಬಿಡಿ. ತೂಗಾಡಿದರೇ ಅದು ಪೆಟ್ಟು ನುಂಗೋದು, ಕೆಳಗೂ ಬಿಗಿದರೆ ಬಾಣ ತೂರುತ್ತೆ. ದರೆಯ ಕಲ್ಲಿಗೆ ತಾಗಿದ ಕಾರ್ಬನ್ ಬಾಣವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ, ತಿರುಚಿ. ಚಿಟಿಚಿಟಿ ಅಂದರೆ ಮುರಿದು ಎಸೀರಿ, ಬಿಡುವಾಗ ಸೀಳಿದರೆ ಚೂರುಗಳು ಅಂಗೈಗೇ ಹೊಕ್ಕುತ್ತವೆ.

ಲೈಸೆನ್ಸ್ ವಿಷಯ: 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಬಂದೂಕು ಇದೆ, 9 ಇಂಚಿಗಿಂತ ಉದ್ದದ ಅಲಗಿನ ಕತ್ತಿಯೂ ಇದೆ, ಬಿಲ್ಲಿನ ಹೆಸರಿಲ್ಲ. ಆದ್ರೆ ಬೇಟೆಯ ಅಗಲ ಮೊನೆ ಹಾಕ್ಬೇಡಿ, ಆಗ 'ಕ್ರೀಡೆ' ಅನ್ನೋ ಮಾತು ನಿಲ್ಲಲ್ಲ. ಬಾಣ ದರೆ ದಾಟಿ ಯಾರ ಜೀವಕ್ಕಾದರೂ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಬೀಳುತ್ತೆ. ಅದಕ್ಕೇ ಎಳೆಯುವಾಗ ಬಿಲ್ಲನ್ನು ದರೆಯ ನೆತ್ತಿಗಿಂತ ಮೇಲೆತ್ತಬೇಡಿ.

ಪ್ರಶ್ನೆ: ಥ್ಯಾಂಕ್ಸ್ ಸರ್. ಭದ್ರಾ ಅಭಯಾರಣ್ಯದ ಮುತ್ತೋಡಿಗೆ ಹೋಗುವಾಗ ಕಾರಲ್ಲಿ ಬಿಲ್ಲು ಇದ್ದರೆ ನಡೆಯುತ್ತಾ?

ಉತ್ತರ: ನಡೆಯಲ್ಲ. 1972ರ ವನ್ಯಜೀವಿ ಕಾಯ್ದೆ 'ಆಯುಧ' ಅನ್ನುವಾಗ ಬಿಲ್ಲು-ಬಾಣವನ್ನು ಹೆಸರಿಟ್ಟೇ ಸೇರಿಸಿದೆ. ಭದ್ರಾ ಅಭಯಾರಣ್ಯದೊಳಗೆ ಒಯ್ಯಲು 31ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಮೊದಲೇ ಬೇಕು. ದಾರ ಬಿಚ್ಚಿ ಡಿಕ್ಕಿಯಲ್ಲಿಟ್ಟಿದ್ದೆ ಅಂದ್ರೂ ಗೇಟಲ್ಲಿ ಕೇಳಲ್ಲ. ಮನೇಲೇ ಬಿಟ್ಟು ಹೋಗಿ.