25 ಸಾವಿರದೊಳಗೆ ಟಿವಿ, ಮಲೆನಾಡಿನ ಮನೆಗೆ: 32 ಇಂಚೋ 43 ಇಂಚೋ?

ಹೊಸಹಾಲ್ ಕೇಳಿದ್ದು:

ತೀರ್ಥಹಳ್ಳಿ ಹತ್ತಿರದ ಮನೆಗೆ ಟಿವಿ ಬೇಕು. ಎಲ್ಲ ಸೇರಿ 25 ಸಾವಿರ ಮೀರಬಾರದು. ಗೋಡೆಯಿಂದ ಸೋಫಾಗೆ 9 ಅಡಿ. ಎಡಗಡೆ ಗೋಡೆಗೆ ದಿವಾನ್ ಇದೆ, ಅಲ್ಲಿ ಕೂತವರಿಗೆ ಟಿವಿ ಓರೆಯಾಗಿ ಕಾಣುತ್ತೆ. ಪಶ್ಚಿಮಕ್ಕೆ ದೊಡ್ಡ ಕಿಟಕಿ. ಸಂಜೆ 6ರಿಂದ 10ರವರೆಗೆ ಹಿರಿಯರ ಧಾರಾವಾಹಿ ಮತ್ತು ವಾರ್ತೆ, ಮಿಕ್ಕ ಹೊತ್ತು ಮಕ್ಕಳ ಯೂಟ್ಯೂಬ್, ಮ್ಯಾಚ್ ಇದ್ದರೆ ಎಲ್ಲರೂ. ಈಗಿರೋದು ಹಳೇ ಎಸ್‌ಡಿ ಸೆಟ್‌ಟಾಪ್ ಬಾಕ್ಸ್. ಫೈಬರ್ ಇಂಟರ್ನೆಟ್ ಬಂದಿದೆ. ವೋಲ್ಟೇಜ್ ಏರಿಳಿತ ಇದೆ, ಏಪ್ರಿಲ್-ಮೇನಲ್ಲಿ ಸಿಡಿಲು ಜೋರು.

32 ಸಾಕಾ, 43 ಬೇಕಾ? ಫುಲ್ ಎಚ್‌ಡಿಗೂ 4ಕೆಗೂ 9 ಅಡಿಯಿಂದ ವ್ಯತ್ಯಾಸ ಕಾಣುತ್ತಾ? ಅಂಗಡಿಯವರು ಕ್ಯೂಎಲ್‌ಇಡಿ ತಗೊಳ್ಳಿ ಅಂತಾರೆ. ಸ್ಟೆಬಿಲೈಸರ್ ಬೇಕಾ ಬೇಡವಾ ಅನ್ನೋದೂ ಗೊತ್ತಾಗ್ಬೇಕು.

ಪರದೆಅಳತೆ ಉತ್ತರ:

ಮಾಡೆಲ್ ಹುಡುಕೋ ಮುಂಚೆ ಸೆಟ್‌ಟಾಪ್ ಬಾಕ್ಸ್ ಬದಲಾಯಿಸ್ತೀರಾ ಇಲ್ಲವಾ ಅನ್ನೋದನ್ನು ಇತ್ಯರ್ಥ ಮಾಡ್ಕೊಳ್ಳಿ. ನಿಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಓಡೋದು ಅದೇ. ಎಸ್‌ಡಿ ಚಾನೆಲ್ ಅಂದ್ರೆ 576 ಗೆರೆ, 4ಕೆ ಪರದೆಯಲ್ಲಿ ಇರೋದು 2160. ಒಂದು ಗೆರೆಯನ್ನು ಎಳೆದು ಹೆಚ್ಚುಕಮ್ಮಿ ನಾಲ್ಕು ಗೆರೆ ತುಂಬಬೇಕು. ವಾರ್ತೆಯ ಕೆಳಗೆ ಓಡುವ ಪಟ್ಟಿಯಲ್ಲಿ ಇದು ಎದ್ದು ಕಾಣುತ್ತೆ: ಒತ್ತಕ್ಷರ ಮೇಲಿನ ಅಕ್ಷರಕ್ಕೆ ಮೆತ್ತಿಕೊಂಡು ಕಪ್ಪು ಚುಕ್ಕೆ ಆಗಿಬಿಡುತ್ತೆ, ಮುಖಗಳು ಮೇಣ ಸವರಿದ ಹಾಗೆ ಇರುತ್ತವೆ. ಹಿರಿಯರು "ಹಳೇ ಟಿವಿನೇ ಚೆನ್ನಾಗಿತ್ತು" ಅಂದರೆ ಅದು ಸುಳ್ಳಲ್ಲ, ಚಿಕ್ಕ ಪರದೆಯಲ್ಲಿ ಆ ಕೊರತೆ ಮುಚ್ಚಿಹೋಗುತ್ತೆ.

ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ ಮೂರಕ್ಕೂ ಎಚ್‌ಡಿ ಚಾನೆಲ್ ಇದೆ. ಎಚ್‌ಡಿ ಬಾಕ್ಸ್ ಹಾಕಿಸಿ ಆ ಚಾನೆಲ್‌ಗಳನ್ನು ಸೇರಿಸಿಕೊಳ್ಳೋದಾದರೆ 43 ತಗೊಳ್ಳಿ. ಡಿಡಿ ಫ್ರೀ ಡಿಶ್‌ನಲ್ಲೋ ಎಸ್‌ಡಿ ಬಾಕ್ಸ್‌ನಲ್ಲೋ ಮುಂದುವರಿಯೋದಾದರೆ 32 ತಗೊಂಡು ಮಿಕ್ಕ ದುಡ್ಡು ಉಳಿಸಿ.

ಎಚ್‌ಡಿ ಬಾಕ್ಸ್ ಬಂದ ಮೇಲೂ ಎರಡು ತಪ್ಪು ಆಗ್ತಾನೇ ಇರುತ್ತೆ. ಕೂರಿಸೋಕೆ ಬಂದವರು ಹಳೇ ಕೆಂಪು-ಬಿಳಿ-ಹಳದಿ ವೈರನ್ನೇ ಚುಚ್ಚಿ ಹೋಗ್ತಾರೆ. ಅದರಲ್ಲಿ ಎಚ್‌ಡಿ ಹರಿಯೋದೇ ಇಲ್ಲ, ಎಚ್‌ಡಿಎಂಐ ಕೇಬಲ್ಲೇ ಆಗಬೇಕು. ಎರಡನೇದು, ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ 576ರಲ್ಲೇ ಉಳಿದಿರುತ್ತೆ. 1080ಕ್ಕೆ ಇಟ್ಟು, ಚಿತ್ರದ ಅನುಪಾತ 16:9 ಮಾಡಿ.

ಈಗ ದೂರದ ಲೆಕ್ಕ. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂ.ಮೀ. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1920 ಚುಕ್ಕೆ, ಅಂದ್ರೆ ಒಂದು ಚುಕ್ಕೆ ಅರ್ಧ ಮಿಲಿಮೀಟರ್. ಕಣ್ಣು ಸರಿಯಾಗಿರೋರಿಗೆ ಅಷ್ಟು ಸಣ್ಣ ಚುಕ್ಕೆ ಬಿಡಿಬಿಡಿಯಾಗಿ ಕಾಣೋದು ಸುಮಾರು ಐದೂವರೆ ಅಡಿಯವರೆಗೆ ಮಾತ್ರ. 9 ಅಡಿಯಿಂದ 4ಕೆಯ ಹೆಚ್ಚುವರಿ ಚುಕ್ಕೆಗಳು ಯಾರಿಗೂ ಕಾಣಲ್ಲ. ಆದರೂ 43ರಲ್ಲಿ 4ಕೆ ತಗೊಳ್ಳಿ ಅಂತಲೇ ಹೇಳ್ತೀನಿ. ಈಗ ಆ ಅಳತೆಯ ಫುಲ್ ಎಚ್‌ಡಿ ಮಾಡೆಲ್‌ಗಳಲ್ಲಿ ಹೆಚ್ಚಿನವಕ್ಕೆ ನಿಧಾನದ ಪ್ರೊಸೆಸರ್, 1 ಜಿಬಿ ರ‍್ಯಾಮ್ ಹಾಕಿರ್ತಾರೆ. 4ಕೆ ಅನ್ನೋ ಹೆಸರಿಗಿಂತ ಅದರ ಜತೆ ಬರೋ 2 ಜಿಬಿ ರ‍್ಯಾಮ್ ನಿಮಗೆ ಹೆಚ್ಚು ಉಪಯೋಗ.

ದಿವಾನ್ ಇರೋದರಿಂದ ಪ್ಯಾನೆಲ್ (ಚಿತ್ರ ಮೂಡೋ ಪರದೆ) ಬಗೆ ಮುಖ್ಯ. ವಿಎ, ಐಪಿಎಸ್ ಅಂತ ಎರಡು ಬಗೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢವಾಗಿರುತ್ತೆ, ಓರೆಯಿಂದ ನೋಡಿದರೆ ಬಣ್ಣ ತೊಳೆದು ಹೋಗುತ್ತೆ. ಐಪಿಎಸ್‌ನಲ್ಲಿ ಓರೆಯಿಂದಲೂ ಬಣ್ಣ ನಿಲ್ಲುತ್ತೆ, ರಾತ್ರಿ ದೀಪ ಆರಿಸಿ ನೋಡಿದಾಗ ಕಪ್ಪು ಬೂದಿಯಾಗಿ ಕಾಣುತ್ತೆ. ಪೆಟ್ಟಿಗೆ ಮೇಲೆ ಇದನ್ನು ಬರೆಯೋದು ಅಪರೂಪ, ಒಂದೇ ಮಾಡೆಲ್‌ನ ಬೇರೆ ಬೇರೆ ಲಾಟ್‌ನಲ್ಲಿ ಬೇರೆ ಪ್ಯಾನೆಲ್ ಇರೋದೂ ಉಂಟು. ಹಾಗಾಗಿ ಅಂಗಡಿಯಲ್ಲಿ ಯಾರದಾದರೂ ಮುಖ ಪರದೆ ತುಂಬ ಇರುವಾಗ ನಿಲ್ಲಿಸಿ, ನಿಮ್ಮ ದಿವಾನ್ ಇರೋ ಕೋನಕ್ಕೆ ನಡೆದು ಹೋಗಿ. ಚರ್ಮದ ಬಣ್ಣ ಬಿಳಿಚಿಕೊಂಡರೆ ಅದು ವಿಎ. ಹಗಲು ಬೆಳಕಲ್ಲಿ, ಓರೆಯಲ್ಲಿ ಕೂತು ನೋಡೋ ಮನೆಗೆ ಐಪಿಎಸ್ ವಾಸಿ.

ಕ್ಯೂಎಲ್‌ಇಡಿ ಅಂದ್ರೆ ಬ್ಯಾಕ್‌ಲೈಟ್ (ಪರದೆ ಹಿಂದಿನ ಬೆಳಕು) ಮುಂದೆ ಒಂದು ಬಣ್ಣದ ಪದರ. ಕೆಂಪು, ಹಸಿರು ಗಾಢ ಆಗುತ್ತೆ, ಬೆಳಕು ಅದರಿಂದ ಹೆಚ್ಚಾಗಲ್ಲ. ಈ ಬೆಲೆಯ ಹೆಚ್ಚಿನ ಪರದೆಗಳ ಬೆಳಕು 250ರಿಂದ 300 ನಿಟ್ಸ್ (ಪರದೆಯ ಬೆಳಕಿನ ಅಳತೆ). ಎಚ್‌ಡಿಆರ್, ಡಾಲ್ಬಿ ವಿಷನ್ (ಬೆಳಕು-ಕತ್ತಲೆಯ ಅಂತರ ಹೆಚ್ಚು ತೋರಿಸೋ ಚಿತ್ರದ ಬಗೆಗಳು) ಅಂತ ಪೆಟ್ಟಿಗೆ ಮೇಲೆ ಇದ್ದರೂ ಅದನ್ನು ತೋರಿಸುವಷ್ಟು ಬೆಳಕು ಅಲ್ಲಿ ಇಲ್ಲ. ಒಂದೇ ಬೆಲೆಗೆ ಸಿಕ್ಕರೆ ತಗೊಳ್ಳಿ, ಅದಕ್ಕೆ ಅಂತ 3 ಸಾವಿರ ಜಾಸ್ತಿ ಕೊಡಬೇಡಿ. ಕಿಟಕಿಗೆ ದಪ್ಪ ಪರದೆ ಬಟ್ಟೆ ಹಾಕೋದು ಅದಕ್ಕಿಂತ ಕೆಲಸಕ್ಕೆ ಬರುತ್ತೆ.

ಬೆಲೆ ಹೋಲಿಸುವಾಗ ಒಂದು ಗಮನ ಇರಲಿ. 32 ಇಂಚು ಮೀರಿದ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪರ್ಸೆಂಟಿಗೆ ಇಳಿದಿದೆ. 32 ಇಂಚಿನವು ಮೊದಲೇ 18ರಲ್ಲಿ ಇದ್ದವು. ಅದಕ್ಕೂ ಹಿಂದಿನ ಬೆಲೆಪಟ್ಟಿ, ವಿಮರ್ಶೆ ನೋಡಿ ಲೆಕ್ಕ ಹಾಕಬೇಡಿ.

ರಿಪೇರಿಬೆಂಚ್ ಉತ್ತರ:

ಮೇಲಿನದ್ದಕ್ಕೆ ನನ್ನ ಒಪ್ಪಿಗೆ ಇದೆ. ರಿಪೇರಿ ಕಡೆಯಿಂದ ಸೇರಿಸೋದು ಇಷ್ಟು.

ಬಜೆಟ್ ಟಿವಿಯಲ್ಲಿ ಹೆಚ್ಚಾಗಿ ಕೈ ಕೊಡೋದು ಬ್ಯಾಕ್‌ಲೈಟ್. ಪರದೆ ಹಿಂದೆ ಎಲ್‌ಇಡಿ ಪಟ್ಟಿಗಳು ಇರುತ್ತವೆ, ಒಂದೊಂದು ಪಟ್ಟಿಯ ಎಲ್‌ಇಡಿಗಳು ಸರಣಿಯಲ್ಲಿ ಜೋಡಿಸಿರುತ್ತೆ. ಒಂದು ಸುಟ್ಟರೆ ಆ ಸಾಲಿಗೆ ಸಾಲೇ ಆರುತ್ತೆ, ಎಷ್ಟೋ ಟಿವಿಗಳು ಆಗ ಪೂರ್ತಿ ಕತ್ತಲಾಗುತ್ತವೆ. ಗುರುತಿಸೋದು ಸುಲಭ: ಶಬ್ದ ಬರ್ತಿದೆ, ಚಿತ್ರ ಇಲ್ಲ ಅಂದಾಗ ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹತ್ತಿರ ಹಿಡಿಯಿರಿ. ಮಸುಕಾಗಿ ಚಿತ್ರ ಓಡಾಡೋದು ಕಂಡರೆ ಪ್ಯಾನೆಲ್ ಚೆನ್ನಾಗಿದೆ, ಹೋಗಿರೋದು ಬ್ಯಾಕ್‌ಲೈಟ್ ಅಥವಾ ಅದಕ್ಕೆ ಕರೆಂಟ್ ಕೊಡೋ ಭಾಗ. "ಪ್ಯಾನೆಲ್ ಹೋಗಿದೆ, ಹೊಸ ಟಿವಿ ತಗೊಳ್ಳಿ" ಅಂದವರ ಮುಂದೆ ಈ ಪರೀಕ್ಷೆ ಮಾಡಿ ತೋರಿಸಿ. ಹಾಕಿಸುವಾಗ ಒಂದೇ ಎಲ್‌ಇಡಿ ಬದಲಿಸಬೇಡಿ, ಎಲ್ಲ ಪಟ್ಟಿಗಳನ್ನೂ ಬದಲಿಸಿ. ಉಳಿದವಕ್ಕೂ ಅಷ್ಟೇ ವಯಸ್ಸಾಗಿರುತ್ತೆ.

ಇದು ಬೇಗ ಹೋಗೋಕೆ ಕಾರಣ ಶಾಖ. ಪೆಟ್ಟಿಗೆಯಿಂದ ತೆಗೆದಾಗ ಟಿವಿ "ವಿವಿಡ್" ಅಥವಾ "ಡೈನಾಮಿಕ್" ಮೋಡ್‌ನಲ್ಲಿ ಇದ್ದು ಬ್ಯಾಕ್‌ಲೈಟ್ 100 ಇದ್ದರೆ ಮೊದಲ ದಿನವೇ "ಮೂವಿ" ಮೋಡ್‌ಗೆ ಹಾಕಿ, ಬ್ಯಾಕ್‌ಲೈಟ್ ಹಗಲಿಗೆ 70, ರಾತ್ರಿಗೆ 50 ಮಾಡಿ. ಶಾರ್ಪ್‌ನೆಸ್ 10ಕ್ಕಿಂತ ಕೆಳಗೆ ಇಡಿ. ಚಿತ್ರವೂ ಸಹಜ ಆಗುತ್ತೆ, ಎಲ್‌ಇಡಿಯೂ ಬಾಳಿಕೆ ಬರುತ್ತೆ.

ಟಿವಿ ಕೆಡೋಕೆ ಎರಡನೇ ದೊಡ್ಡ ಕಾರಣ ಒರೆಸೋದು. ಗಾಜಿನ ಕ್ಲೀನರ್ ನೇರ ಪರದೆ ಮೇಲೆ ಸಿಂಪಡಿಸಿದರೆ ಹನಿ ಕೆಳಗಿಳಿದು ಕೆಳಅಂಚಿನ ಪಟ್ಟಿಯೊಳಗೆ ಸೇರುತ್ತೆ. ಪರದೆಗೆ ಸಿಗ್ನಲ್ ಕೊಡೋ ತೆಳು ಫಿಲ್ಮ್ ಕನೆಕ್ಟರ್‌ಗಳು ಇರೋ ಜಾಗ ಅದು. ಆಮೇಲೆ ಉದ್ದುದ್ದ ಗೆರೆ ಬೀಳುತ್ತೆ, ವಾರಂಟಿಯೂ ಸಿಗಲ್ಲ. ಒಣ ಮೈಕ್ರೋಫೈಬರ್ ಬಟ್ಟೆ ಸಾಕು, ಕಲೆ ಇದ್ದರೆ ಬಟ್ಟೆಯನ್ನು ಹಿಂಡಿದಷ್ಟೇ ಒದ್ದೆ ಮಾಡಿ.

ಸಾಫ್ಟ್‌ವೇರ್ ವಿಷಯ. ಹೆಸರೇ ಕೇಳದ ಅಗ್ಗದ ಟಿವಿಗಳಲ್ಲಿ "ಆಂಡ್ರಾಯ್ಡ್ ಸ್ಮಾರ್ಟ್" ಅಂತ ಇರುತ್ತೆ, ಗೂಗಲ್‌ನ ಪ್ರಮಾಣೀಕರಣ ಇರಲ್ಲ. ವೈಡ್‌ವೈನ್ ಎಲ್1 (ವಿಡಿಯೋ ನಕಲು ತಡೆಯೋ ಗೂಗಲ್‌ನ ರಕ್ಷಣೆಯ ಮೇಲ್ಮಟ್ಟ) ಇಲ್ಲದಿದ್ದರೆ ನೆಟ್‌ಫ್ಲಿಕ್ಸ್, ಪ್ರೈಮ್ ಎಚ್‌ಡಿಯಲ್ಲಿ ಬರಲ್ಲ, 480ಕ್ಕೆ ನಿಲ್ಲುತ್ತವೆ. ಗೂಗಲ್ ಟಿವಿ, ವೆಬ್‌ಒಎಸ್, ಟೈಜೆನ್, ಫೈರ್ ಟಿವಿ ಯಾವುದಾದರೂ ಆಗಬಹುದು. ಗೂಗಲ್ ಟಿವಿ ಆದರೆ 2 ಜಿಬಿ ರ‍್ಯಾಮ್, 16 ಜಿಬಿ ಸ್ಟೋರೇಜ್‌ಗಿಂತ ಕಡಿಮೆ ಬೇಡ. 8 ಜಿಬಿ ಇರೋದರಲ್ಲಿ ಅರ್ಧದಷ್ಟು ಸಿಸ್ಟಮ್ಮೇ ನುಂಗುತ್ತೆ, ವರ್ಷದೊಳಗೆ "ಜಾಗ ಇಲ್ಲ" ಅನ್ನುತ್ತೆ. ವೈಫೈ 5 ಗಿಗಾಹರ್ಟ್ಸ್ ಕೂಡ ಹಿಡಿಯಬೇಕು. ಎಚ್‌ಡಿಎಂಐ ಮೂರು ಇರಲಿ, ಒಂದರಲ್ಲಿ ಎಆರ್‌ಸಿ (ಟಿವಿಯ ಶಬ್ದವನ್ನು ಸ್ಪೀಕರ್‌ಗೆ ಕಳಿಸೋ ಸೌಲಭ್ಯ) ಅಂತ ಬರೆದಿರಲಿ.

ಬ್ರ್ಯಾಂಡ್ ಹೆಸರು ನೋಡಿ ಮರುಳಾಗಬೇಡಿ. ಕೊಡಾಕ್, ಥಾಮ್ಸನ್ ಹೆಸರಿನ ಟಿವಿಗಳನ್ನು ಇಲ್ಲಿ ಮಾಡೋದು ಸೂಪರ್ ಪ್ಲಾಸ್ಟ್ರಾನಿಕ್ಸ್, ಏಸರ್ ಹೆಸರಿನವು ಬೆಂಗಳೂರಿನ ಇಂಡ್ಕಲ್ ಕಂಪನಿಯವು. ಅದರಲ್ಲಿ ತಪ್ಪೇನಿಲ್ಲ, ಆದರೆ ನಾಳೆ ರಿಪೇರಿಗೆ ಬರೋರು ಯಾರು ಅನ್ನೋದು ಈ ಕಂಪನಿಗಳ ಮೇಲೆ ನಿಂತಿದೆ. ಕೊಳ್ಳೋ ಮುಂಚೆ ಟೋಲ್‌ಫ್ರೀಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ. ಮನೆಗೆ ಬರ್ತಾರಾ ಅಥವಾ ಶಿವಮೊಗ್ಗಕ್ಕೆ ಹೊತ್ತು ತರಬೇಕಾ, ಪ್ಯಾನೆಲ್‌ಗೆ ವಾರಂಟಿ ಎಷ್ಟು ವರ್ಷ, ಗೋಡೆಯ ಬ್ರ್ಯಾಕೆಟ್‌ಗೆ ಬೇರೆ ದುಡ್ಡಾ, ಕೇಳಿ. ಸರಿಯಾಗಿ ಉತ್ತರ ಕೊಡದ ಬ್ರ್ಯಾಂಡ್ ಬಿಟ್ಟುಬಿಡಿ, ಎಷ್ಟೇ ಅಗ್ಗ ಇದ್ದರೂ.

ತಂದ ದಿನ ಗಾಡಿಯವರು ಹೋಗೋ ಮುಂಚೆ ಟಿವಿ ಆನ್ ಮಾಡಿ. ಒಳಗೆ ಒಡೆದ ಪ್ಯಾನೆಲ್ ಆಫ್ ಇದ್ದಾಗ ಹೊಸದರ ಹಾಗೇ ಕಾಣುತ್ತೆ. ಪೆಟ್ಟಿಗೆಯನ್ನು ದಾರಿಯಲ್ಲಿ ಮಲಗಿಸಿ ತಂದಿದ್ದರೆ ಇನ್ನೂ ಎಚ್ಚರ ಇರಲಿ.

ಅರ್ಥಿಂಗ್ ಉತ್ತರ:

ಸ್ಟೆಬಿಲೈಸರ್ ಪ್ರಶ್ನೆಗೆ ಉತ್ತರ ಟಿವಿ ಹಿಂದಿನ ಸ್ಟಿಕ್ಕರ್‌ನಲ್ಲಿದೆ. 100-240 ವೋಲ್ಟ್ ಅಂತ ಇದ್ದರೆ ಕಡಿಮೆ ವೋಲ್ಟೇಜ್‌ಗೆ ಅದು ಹೆದರಲ್ಲ. ಹಳ್ಳಿ ಲೈನ್‌ನಲ್ಲಿ ಟಿವಿ ಸುಡೋದು ಹೆಚ್ಚು ವೋಲ್ಟೇಜ್‌ಗೆ. ಕಂಬದ ಮೇಲೆ ನ್ಯೂಟ್ರಲ್ ಸಡಿಲ ಆದರೆ ನಿಮ್ಮ ಮನೆಗೆ 300 ಮೀರಿ ಬರಬಹುದು. ಟಿವಿಯ ಪವರ್ ಬೋರ್ಡ್‌ನಲ್ಲಿರೋ ದೊಡ್ಡ ಕೆಪಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟ್‌ನದು. 240 ವೋಲ್ಟ್ ಎಸಿ ಡಿಸಿಗೆ ಬದಲಾದಾಗ ಸುಮಾರು 340 ಆಗುತ್ತೆ, 300 ಬಂದರೆ 424. 400ರ ಕೆಪಾಸಿಟರ್ ಅಲ್ಲೇ ಉಬ್ಬಿ ಹೋಗುತ್ತೆ. ಅದಕ್ಕೆ ನಿಮ್ಮ ಕಡೆ ಹೈ ಕಟ್-ಆಫ್ (ವೋಲ್ಟೇಜ್ ಮಿತಿ ಮೀರಿದರೆ ಕರೆಂಟ್ ಕಡಿಯೋದು) ಇರೋ ಟಿವಿ ಸ್ಟೆಬಿಲೈಸರ್ ಹಾಕಿ, ಬಜೆಟ್‌ನಲ್ಲಿ ಸುಮಾರು 2 ಸಾವಿರ ಇದಕ್ಕೇ ತೆಗೆದಿಡಿ.

ಸಿಡಿಲಿಗೆ ಸ್ಟೆಬಿಲೈಸರ್ ಏನೂ ಮಾಡಲ್ಲ. ಡಿಶ್ ಚಾವಣಿ ಮೇಲಿದೆ. ಹತ್ತಿರ ಸಿಡಿಲು ಬಿದ್ದರೆ ಡಿಶ್ ಕೇಬಲ್‌ನಲ್ಲಿ ಹುಟ್ಟಿದ ಏಟು ಸೆಟ್‌ಟಾಪ್ ಬಾಕ್ಸ್ ದಾಟಿ ಎಚ್‌ಡಿಎಂಐ ಮೂಲಕ ಟಿವಿಯ ಮುಖ್ಯ ಬೋರ್ಡ್‌ಗೆ ಹೋಗುತ್ತೆ. ಪ್ಲಗ್ ಕಿತ್ತಿಟ್ಟಿದ್ದರೂ ಎಚ್‌ಡಿಎಂಐ ಸುಟ್ಟಿತು ಅಂತಾರಲ್ಲ, ಕಾರಣ ಇದೇ. ಗೋಡೆಯ ಸ್ವಿಚ್ ಆರಿಸಿದರೆ ಫೇಸ್ ಮಾತ್ರ ಕಡಿಯುತ್ತೆ, ನ್ಯೂಟ್ರಲ್ ಹಾಗೇ ಇರುತ್ತೆ. ಮೋಡ ಕಟ್ಟಿ ದೂರದಲ್ಲಿ ಗುಡುಗು ಕೇಳಿಸಿದಾಗಲೇ ಟಿವಿ ಪ್ಲಗ್, ಬಾಕ್ಸ್ ಪ್ಲಗ್, ಡಿಶ್ ಕೇಬಲ್ ಮೂರನ್ನೂ ಕಳಚಿ. ಸಿಡಿಲು ತಲೆ ಮೇಲೆ ಬಂದ ಮೇಲೆ ವೈರ್ ಮುಟ್ಟಬೇಡಿ. ಡಿಶ್ ಕೇಬಲ್‌ನ ತುದಿಯನ್ನು ಟಿವಿಯಿಂದ ದೂರ ಗೋಡೆ ಮೂಲೆಗೆ ಎಸೆದಿರಿ. ಫೈಬರ್ ಗಾಜಿನದು, ಅದರಲ್ಲಿ ಏಟು ಬರಲ್ಲ, ಆದರೆ ಮೋಡೆಮ್‌ನ ಅಡಾಪ್ಟರ್‌ನಿಂದ ಲ್ಯಾನ್ ವೈರ್ ಮೂಲಕ ಬರಬಹುದು. ಟಿವಿಗೆ ಲ್ಯಾನ್ ಎಳೀಬೇಡಿ, ವೈಫೈ ಇರಲಿ.

ಎಚ್‌ಡಿಎಂಐ ಚುಚ್ಚುವಾಗ ಎರಡೂ ಕಡೆ ಪ್ಲಗ್ ಕಿತ್ತಿರಬೇಕು. ಎರಡು ಪಿನ್ನಿನ ಪ್ಲಗ್ ಇರೋ ಸಾಧನಗಳ ಲೋಹದ ಮೈಯಲ್ಲಿ ಸಣ್ಣ ಸೋರಿಕೆ ಇರುತ್ತೆ, ಬೆರಳಿಗೆ ಜುಂ ಅನ್ನೋದು ಅದೇ. ಪೋರ್ಟ್ ಸಾಯೋಕೆ ಅಷ್ಟು ಸಾಕಾಗುತ್ತೆ.

ಹೊಸಹಾಲ್:

ಎಚ್‌ಡಿ ಬಾಕ್ಸ್ ಹಾಕಿಸ್ತೀವಿ, 43 ಇಂಚಿನ 4ಕೆ ಅಂತ ತೀರ್ಮಾನ ಆಯ್ತು. ಇನ್ನೆರಡು ಪ್ರಶ್ನೆ. ಗೋಡೆ ಜಂಬಿಟ್ಟಿಗೆಯದು, ಮೇಲೆ ಸಿಮೆಂಟ್ ಗಾರೆ. ಬ್ರ್ಯಾಕೆಟ್ ನಿಲ್ಲುತ್ತಾ? ಕೆಂಪು-ಬಿಳಿ ಪಿನ್ನಿನ ಹಳೇ ಹೋಮ್ ಥಿಯೇಟರ್ ಇದೆ, ಸೇರುತ್ತಾ?

ಅರ್ಥಿಂಗ್ ಉತ್ತರ:

ನಿಲ್ಲುತ್ತೆ. 43 ಇಂಚಿನ ಟಿವಿ ಸ್ಟ್ಯಾಂಡ್ ಬಿಟ್ಟು 6ರಿಂದ 8 ಕೆ.ಜಿ. ಅಷ್ಟೇ. ಜಂಬಿಟ್ಟಿಗೆಗೆ ಡ್ರಿಲ್‌ನ ಹ್ಯಾಮರ್ ಆಫ್ ಮಾಡಿ ತೂತು ಹಾಕಿಸಿ, ಹ್ಯಾಮರ್ ಇದ್ದರೆ ಕಲ್ಲು ಉದುರಿ 8 ಮಿ.ಮೀ. ತೂತು 12 ಆಗುತ್ತೆ. ಗಾರೆಯ ದಪ್ಪ ಭಾರ ಹೊರಲ್ಲ, ಅದನ್ನು ಲೆಕ್ಕಕ್ಕೆ ಇಟ್ಕೊಳ್ಳದೆ ಕಲ್ಲಿನೊಳಗೆ ಕನಿಷ್ಠ 50 ಮಿ.ಮೀ. ಹೋಗುವಂಥ ಉದ್ದದ ವಾಲ್ ಪ್ಲಗ್ (ತೂತಿನಲ್ಲಿ ಸ್ಕ್ರೂ ಹಿಡಿಯೋ ಕೊಳವೆ) ಹಾಕಿ. ಬ್ರ್ಯಾಕೆಟ್ ಜತೆ ಬರೋ ಚಿಕ್ಕ ಪ್ಲಗ್ ಸಾಲಲ್ಲ. ತೂತು ಎರಡು ಕಲ್ಲಿನ ಸಂದಿಗೆ ಬಿದ್ದರೆ ಜಾಗ ಬದಲಿಸಿ. ಪರದೆಯ ನಡುಭಾಗ ನೆಲದಿಂದ 100-110 ಸೆಂ.ಮೀ. ಇರಲಿ, ಬಾಗಿಲ ಚೌಕಟ್ಟಿನ ಎತ್ತರಕ್ಕೆ ಏರಿಸಿದರೆ ಕತ್ತು ನೋಯುತ್ತೆ.

ಮಳೆ ಹೊಡೆಯೋ ಹೊರಗೋಡೆ ಬೇಡ. ಬೇರೆ ಜಾಗವೇ ಇಲ್ಲ ಅಂದ್ರೆ ಹಿಂದೆ 5 ಸೆಂ.ಮೀ. ಸಂದು ಬಿಟ್ಟು, ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ. ಟಿವಿ ಮೇಲ್ಗಡೆ ಟ್ಯೂಬ್‌ಲೈಟ್ ಇದ್ದರೆ ಬೇರೆ ಕಡೆ ಹಾಕಿಸಿ. ಹುಳಕ್ಕೆ ಹಲ್ಲಿ ಬರುತ್ತೆ, ಬೆಚ್ಚಗಿದೆ ಅಂತ ಟಿವಿ ಹಿಂದಿನ ಕಿಂಡಿಯೊಳಗೆ ನುಗ್ಗಿ ಪವರ್ ಬೋರ್ಡ್ ಶಾರ್ಟ್ ಮಾಡುತ್ತೆ.

ಪರದೆಅಳತೆ ಉತ್ತರ:

ಹೋಮ್ ಥಿಯೇಟರ್‌ಗೆ: ಟಿವಿಯಲ್ಲಿ ಕೆಂಪು-ಬಿಳಿ ತೂತು ಇದ್ದರೂ ಅದು ಹೆಚ್ಚಾಗಿ ಒಳಬರುವ ಸಿಗ್ನಲ್‌ಗೆ, ಪಕ್ಕದಲ್ಲಿ "ಇನ್" ಅಂತ ಬರೆದಿರುತ್ತೆ. 3.5 ಮಿ.ಮೀ. ಹೆಡ್‌ಫೋನ್ ತೂತು ಇರೋ ಮಾಡೆಲ್ ಆದರೆ 3.5ರಿಂದ ಆರ್‌ಸಿಎಗೆ (ನಿಮ್ಮ ಕೆಂಪು-ಬಿಳಿ ಪಿನ್) ಹೋಗೋ ವೈರ್ ಸಾಕು. ಬರೀ ಆಪ್ಟಿಕಲ್ (ಬೆಳಕಿನ ಮೂಲಕ ಶಬ್ದ ಕಳಿಸೋ ತೂತು) ಇದ್ದರೆ ನಡುವೆ ಒಂದು ಡಿಜಿಟಲ್-ಅನಲಾಗ್ ಕನ್ವರ್ಟರ್ ಬೇಕು, ಟಿವಿಯ ಆಡಿಯೊ ಸೆಟ್ಟಿಂಗ್ ಪಿಸಿಎಂಗೆ (ಸಾದಾ ಡಿಜಿಟಲ್ ಶಬ್ದ) ಬದಲಿಸಿ. ಡಾಲ್ಬಿಯಲ್ಲೇ ಬಿಟ್ಟರೆ ಅಗ್ಗದ ಕನ್ವರ್ಟರ್‌ನಿಂದ ಶಬ್ದ ಬರಲ್ಲ, ಕನ್ವರ್ಟರ್ ಕೆಟ್ಟಿದೆ ಅಂತ ವಾಪಸ್ ಕಳಿಸಿಬಿಡ್ತಾರೆ.