ಡಿವೋರ್ಸ್ ಮಾತುಕತೆಯಲ್ಲಿ ಬಿಸಿನೆಸ್‌ಗೆ ಬೆಲೆ ಕಟ್ಟುವುದು ಹೇಗೆ? ಆಡಿಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಪ್ರಿಂಟಿಂಗ್ ಪ್ರೆಸ್. ಮದುವೆಯಾದ ಮೇಲೆ ಶುರು ಮಾಡಿದ್ದು, ಆದರೆ ಯಜಮಾನರ ಹೆಸರಲ್ಲಿದೆ. ಬಿಲ್ಲಿಂಗ್, ಕೆಲಸದವರ ಸಂಬಳ, ಬ್ಯಾಂಕ್ ಓಡಾಟ ಎಲ್ಲಾ ನಾನೇ ನೋಡಿಕೊಂಡೆ. ಈಗ ಡಿವೋರ್ಸ್ ಮಾತುಕತೆ ನಡೆಯುತ್ತಿದೆ. ಬ್ಯಾಲೆನ್ಸ್ ಶೀಟ್ ತೋರಿಸಿ, "ಕ್ಯಾಪಿಟಲ್ ಇರೋದೇ 9 ಲಕ್ಷ, ಅದರಲ್ಲಿ ಅರ್ಧ ತಗೋ" ಅಂತಾರೆ. ಇದು ಸರಿಯಾ?

ಉತ್ತರ: ಒಪ್ಪಿಕೊಂಡು ಸಹಿ ಹಾಕಬೇಡಿ ಮೇಡಂ. ಆ 9 ಲಕ್ಷ ಪುಸ್ತಕದ ಪ್ರಕಾರ ಸರಿ ಇರಬಹುದು. ಆದರೆ ನಾಳೆ ಯಾರಾದರೂ ಪ್ರೆಸ್ ಕೊಳ್ಳಲು ಬಂದರೆ ಆ ದುಡ್ಡಿಗೆ ನಿಮ್ಮ ಯಜಮಾನರೇ ಕೊಡುವುದಿಲ್ಲ. ಮೆಷಿನ್‌ಗೆ ವರ್ಷಾವರ್ಷ ಸವಕಳಿ ಬರೆದು ಬರೆದು ಪುಸ್ತಕದಲ್ಲಿ 6 ಲಕ್ಷಕ್ಕೆ ಇಳಿಸಿರುತ್ತಾರೆ. ಅದೇ ಮೆಷಿನ್ ಸೆಕೆಂಡ್ ಹ್ಯಾಂಡ್ ಆಗಿ 25 ಲಕ್ಷಕ್ಕೆ ಹೋಗಬಹುದು. ಹಾಗಾದರೆ ಅಲ್ಲೇ 9 ಲಕ್ಷ 28 ಆಯಿತು. ಇನ್ನು ಪ್ರತಿ ತಿಂಗಳೂ ಕೆಲಸ ಕೊಡುವ ಗಿರಾಕಿಗಳಿದ್ದಾರಲ್ಲ, ಅವರು ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲೂ ಕಾಣುವುದಿಲ್ಲ. ನಾವೇ ಬೆಳೆಸಿದ ಗುಡ್‌ವಿಲ್, ಅಂದರೆ ವ್ಯಾಪಾರದ ಹೆಸರು, ಗಿರಾಕಿಗಳ ನಂಬಿಕೆಗೆ ಇರುವ ಬೆಲೆಯನ್ನು ಆಸ್ತಿ ಅಂತ ಪುಸ್ತಕದಲ್ಲಿ ತೋರಿಸುವ ಪದ್ಧತಿಯೇ ಇಲ್ಲ.

ಲಾಭದ ಕಡೆಯಿಂದಲೂ ಒಂದು ಲೆಕ್ಕ ಮಾಡಬೇಕು. ಅರ್ಥವಾಗಲಿ ಅಂತ ಊಹೆಯ ಅಂಕಿ ಕೊಡುತ್ತೇನೆ, ತೆರಿಗೆಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಬಡ್ಡಿ ಕಳೆಯುವ ಮುಂಚೆ ವರ್ಷದ ಲಾಭ 18 ಲಕ್ಷ ಅಂದುಕೊಳ್ಳಿ. ಮನೆಯ ಕಾರು, ಪೆಟ್ರೋಲ್, ಎಲ್ಲರ ಫೋನ್ ಬಿಲ್ ಸೇರಿ 4 ಲಕ್ಷ ಪ್ರೆಸ್ಸಿನ ಖರ್ಚಿನಲ್ಲಿ ಹೋಗಿದೆ. ಅದು ಪ್ರೆಸ್ಸಿನ ಖರ್ಚಲ್ಲ, ವಾಪಸ್ ಸೇರಿಸಿ: 22. ಹಳೇ ಮೆಷಿನ್ ಮಾರಿದ್ದರಿಂದ ಬಂದ 2 ಲಕ್ಷ ಪ್ರತಿ ವರ್ಷ ಬರುವುದಿಲ್ಲ, ತೆಗೆಯಿರಿ: 20. ಇನ್ನು ನೀವಿಬ್ಬರೂ ಸಂಬಳ ತೆಗೆದುಕೊಳ್ಳದೆ ದುಡಿದಿದ್ದೀರಿ. ನಿಮ್ಮಿಬ್ಬರ ಜಾಗಕ್ಕೆ ಹೊರಗಿನವರನ್ನು ಇಟ್ಟರೆ 8 ಲಕ್ಷ ಬೇಕು, ಅದನ್ನೂ ಕಳೆಯಿರಿ: 12. ಇದು ಪ್ರೆಸ್ಸಿನ ನಿಜವಾದ ದುಡಿಮೆ. ಇಂಥ ಸಣ್ಣ ಬಿಸಿನೆಸ್‌ನಲ್ಲಿ ರಿಸ್ಕ್ ಜಾಸ್ತಿ, ಕೊಳ್ಳುವವನು ವರ್ಷಕ್ಕೆ ನೂರಕ್ಕೆ 25 ಸಿಗಲಿ ಅನ್ನುತ್ತಾನೆ ಅಂತಿಟ್ಟುಕೊಂಡರೆ ಬೆಲೆ 48 ಲಕ್ಷ, ಯಾಕೆಂದರೆ 48ಕ್ಕೆ ನೂರಕ್ಕೆ 25 ಅಂದರೆ ಆ 12. ಬ್ಯಾಂಕ್ ಸಾಲ 10 ಲಕ್ಷ ಕಳೆದರೆ 38.

ಗಮನಿಸಿ, ನಿಮ್ಮ ಸಂಬಳದ ಲೆಕ್ಕ ಹಿಡಿದಾಗ ಬೆಲೆ ಇಳಿಯಿತು. ಅದು ನಿಮಗೆ ನಷ್ಟ ಅನ್ನಿಸಬಹುದು. ಆದರೂ ಆ ಲೆಕ್ಕ ಹಿಡಿಯಲೇಬೇಕು. ಪ್ರೆಸ್ ನಿಂತಿದ್ದರಲ್ಲಿ ನಿಮ್ಮ ಪಾಲು ಎಷ್ಟು ಅನ್ನುವುದಕ್ಕೂ ಅದೇ ದೊಡ್ಡ ಸಾಕ್ಷಿ.

ಪ್ರಶ್ನೆ: ಹಾಗಾದರೆ 38ರಲ್ಲಿ ಅರ್ಧ ನನಗೆ ಬರುತ್ತದಾ ಸರ್?

ಉತ್ತರ: ಬೆಲೆ ಎಷ್ಟು ಅನ್ನುವುದು ನನ್ನ ಕೆಲಸ. ಪಾಲು ಎಷ್ಟು ಅನ್ನುವುದನ್ನು ನಿಮಗೆ ಅನ್ವಯವಾಗುವ ಕಾನೂನು ಹೇಳುತ್ತದೆ. ಅದು ಒಂದೊಂದು ಕಡೆ ಒಂದೊಂದು ಥರ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮದುವೆಯ ಕಾಲದಲ್ಲಿ ದುಡಿದು ಗಳಿಸಿದ್ದು ಇಬ್ಬರಿಗೂ ಸೇರಿದ್ದು, ಸಮಪಾಲು. ಇಂಗ್ಲೆಂಡ್‌ನಲ್ಲಿ 2000ದಲ್ಲಿ ವೈಟ್ ದಂಪತಿಯ ಕೇಸ್ ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಇಬ್ಬರೂ ಕೂಡಿ ವ್ಯವಸಾಯದ ಬಿಸಿನೆಸ್ ನಡೆಸಿದ್ದರು. ಹೆಂಡತಿಗೆ ಅಗತ್ಯ ಇರುವಷ್ಟು ಕೊಟ್ಟರೆ ಸಾಕು ಅನ್ನುವ ಹಳೆಯ ದಾರಿಯನ್ನು ಆ ತೀರ್ಪು ಒಪ್ಪಲಿಲ್ಲ. ಹಂಚಿಕೆ ಎಷ್ಟೇ ಮಾಡಿದರೂ ಸಮಪಾಲಿನ ಜೊತೆ ಹೋಲಿಸಿ ನೋಡಿ ಅಂದಿತು. ಮನೆ, ಮಕ್ಕಳನ್ನು ನೋಡಿಕೊಂಡವರ ದುಡಿಮೆಯನ್ನು ಕಡಿಮೆ ಅಂತ ಎಣಿಸಬಾರದು ಅಂತಲೂ ಹೇಳಿತು. ನನ್ನ ಮಟ್ಟಿಗೆ ಅದು ಬಹಳ ನ್ಯಾಯವಾದ ಮಾತು.

ಭಾರತದಲ್ಲಿ ಮದುವೆಯಾದ ಮಾತ್ರಕ್ಕೆ ಆಸ್ತಿ ಅರ್ಧರ್ಧ ಆಗುವ ಸಾಮಾನ್ಯ ಕಾನೂನು ಇಲ್ಲ, ಗೋವಾದಂಥ ಕಡೆ ಬೇರೆ. ಹಾಗಂತ ಬೆಲೆ ಕಟ್ಟಿಸುವುದು ವ್ಯರ್ಥ ಅಂದುಕೊಳ್ಳಬೇಡಿ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಕಾಯಂ ಜೀವನಾಂಶ ಗೊತ್ತು ಮಾಡುವಾಗ ಇಬ್ಬರ ಆದಾಯ, ಆಸ್ತಿ ಎರಡನ್ನೂ ನೋಡುತ್ತಾರೆ. ಜೀವನಾಂಶದ ಕೇಸ್‌ಗಳಲ್ಲಿ ಇಬ್ಬರೂ ಆಸ್ತಿ, ಸಾಲದ ವಿವರವನ್ನು ಅಫಿಡವಿಟ್ ಆಗಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಲ್ಲಿ 9 ಅಂತ ಬರೆಯುತ್ತಾರಾ, 38 ಅಂತ ಬರೆಯುತ್ತಾರಾ ಅನ್ನುವುದು ನಿಮ್ಮ ಮುಂದಿನ ಬದುಕಿಗೆ ದೊಡ್ಡ ವ್ಯತ್ಯಾಸ ಮಾಡುತ್ತದೆ, ಅಲ್ವಾ?

ಇನ್ನೊಬ್ಬರ ಪ್ರಶ್ನೆ: ನಾನು ಹಲ್ಲಿನ ಡಾಕ್ಟರ್, ಸ್ವಂತ ಕ್ಲಿನಿಕ್ ಇದೆ. ಪೇಷಂಟ್‌ಗಳು ಬರುವುದು ನನ್ನನ್ನು ನೋಡಿ. ನಾನಿಲ್ಲದ ಕ್ಲಿನಿಕ್‌ಗೆ ಗುಡ್‌ವಿಲ್ ಎಲ್ಲಿಂದ ಬರಬೇಕು?

ಉತ್ತರ: ನಿಮ್ಮ ವಾದದಲ್ಲಿ ಹುರುಳಿದೆ ಡಾಕ್ಟರೇ, ಆದರೆ ಪೂರ್ತಿ ಅಲ್ಲ. ನಿಮ್ಮ ಕೈಗುಣಕ್ಕೆ ಬರುವವರು ನೀವು ಎಲ್ಲಿ ಹೋದರೂ ಅಲ್ಲಿಗೇ ಬರುತ್ತಾರೆ. ಅದು ವೈಯಕ್ತಿಕ ಗುಡ್‌ವಿಲ್, ಮಾರಲು ಆಗದ್ದು. ಆದರೆ ಕ್ಲಿನಿಕ್ ಇರುವ ಜಾಗ, ಫೋನ್ ನಂಬರ್, ಹಳೇ ಪೇಷಂಟ್‌ಗಳ ದಾಖಲೆ, ಪಳಗಿದ ಸಿಬ್ಬಂದಿ ಇವೆಲ್ಲ ಮುಂದೆ ಬರುವ ಡಾಕ್ಟರಿಗೂ ಉಪಯೋಗಕ್ಕೆ ಬರುತ್ತವೆ. ಅದಕ್ಕೆ ಬೆಲೆ ಇದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಈ ಎರಡನ್ನು ಬೇರೆ ಮಾಡಿ, ಎರಡನೆಯದನ್ನು ಮಾತ್ರ ಹಂಚುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಪ್ರೊಫೆಷನಲ್ ಗುಡ್‌ವಿಲ್ ಕೂಡ ಹಂಚಿಕೆಗೆ ಬರುತ್ತದೆ. ನೀವು ರಜೆ ಹಾಕಿದ ದಿನಗಳಲ್ಲಿ ಬೇರೆ ಡಾಕ್ಟರ್ ಎಷ್ಟು ಜನರನ್ನು ನೋಡಿದ್ದಾರೆ, ಅಪಾಯಿಂಟ್‌ಮೆಂಟ್ ಪುಸ್ತಕ ತೆಗೆದು ನೋಡಿ. ಈ ವಾದ ಅಲ್ಲೇ ಅರ್ಧ ಬಗೆಹರಿಯುತ್ತದೆ.

ನಿಮ್ಮ ಪರವಾಗಿಯೂ ಒಂದು ಮಾತು ಹೇಳುತ್ತೇನೆ. ಕ್ಲಿನಿಕ್‌ನ ಮುಂದಿನ ಆದಾಯ ನೋಡಿ ಬೆಲೆ ಕಟ್ಟಿ, ಅದರಲ್ಲಿ ಪಾಲು ಕೊಟ್ಟು, ಆಮೇಲೆ ಅದೇ ಆದಾಯದ ಮೇಲೆ ತಿಂಗಳ ಜೀವನಾಂಶವನ್ನೂ ಹಾಕಿದರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದ ಹಾಗಾಗುತ್ತದೆ. ಎಲ್ಲಾ ಕೋರ್ಟುಗಳೂ ಇದನ್ನು ಒಂದೇ ರೀತಿ ನೋಡಿಲ್ಲ. ಹಾಗಾಗಿ ನಿಮ್ಮ ವಕೀಲರಿಗೆ ಮೊದಲೇ ತಿಳಿಸಿ.

ಮತ್ತೊಬ್ಬರ ಪ್ರಶ್ನೆ: ನನ್ನದು ಚಿಕ್ಕ ಫ್ಯಾಕ್ಟರಿ. ಪಾಲು ಕೊಡಲು ಮನಸ್ಸಿದೆ, ಕೈಯಲ್ಲಿ ಕ್ಯಾಶ್ ಇಲ್ಲ. ಅವರನ್ನು ಪಾರ್ಟ್ನರ್ ಮಾಡಿಕೊಂಡರೆ ಹೇಗೆ?

ಉತ್ತರ: ಬೇಡ. ಮಾತು ಬಿಟ್ಟ ಇಬ್ಬರು ಒಂದು ಚೆಕ್‌ಗೆ ಸಹಿ ಹಾಕಬೇಕು ಅಂದರೆ ಕೆಲಸದವರ ಸಂಬಳವೂ ನಿಲ್ಲುತ್ತದೆ. ಮೊದಲು ಮನೆ, ಸೈಟು, ಉಳಿತಾಯ ಅವರಿಗೆ ಹೋಗಿ ಫ್ಯಾಕ್ಟರಿ ನಿಮ್ಮಲ್ಲಿ ಉಳಿಯುವ ದಾರಿ ಇದೆಯಾ ನೋಡಿ. ಸಾಲದಿದ್ದರೆ ಕಂತು. ಆ ಕಂತಿಗೆ ಬಡ್ಡಿ ಇರಲಿ, ಏನಾದರೂ ಅಡಮಾನ ಇರಲಿ, ನಿಮ್ಮ ಮೇಲೆ ಟರ್ಮ್ ಇನ್ಶೂರೆನ್ಸ್ ಮಾಡಿಸಿ. ನಿಮಗೆ ಏನಾದರೂ ಆದರೆ ಅವರ ಪಾಲು ಮುಳುಗಬಾರದು.

ಷೇರನ್ನೇ ಹಂಚಿಕೊಳ್ಳುವುದಾದರೆ ಓಟಿನ ಹಕ್ಕನ್ನು ಬೇರೆ ಮಾಡಬಹುದು. 2019ರಲ್ಲಿ ಜೆಫ್ ಬೆಜೋಸ್ ಮತ್ತು ಮೆಕೆಂಜಿ ಬೇರೆಯಾದಾಗ ಅವರಿಬ್ಬರ ಅಮೆಜಾನ್ ಷೇರುಗಳಲ್ಲಿ ನೂರಕ್ಕೆ 25 ಭಾಗ ಆಕೆಗೆ ಹೋಯಿತು. ಆದರೆ ಅವುಗಳ ಓಟು ಆತನ ಕೈಯಲ್ಲೇ ಉಳಿಯಿತು. ಅವರದ್ದು ಷೇರುಪೇಟೆಯಲ್ಲಿರುವ ಕಂಪನಿ, ಆಕೆ ಬೇಕಾದಾಗ ಮಾರಬಹುದಿತ್ತು. ನಿಮ್ಮ ಫ್ಯಾಕ್ಟರಿಯ ಷೇರನ್ನು ಯಾರು ಕೊಳ್ಳುತ್ತಾರೆ? ಅದಕ್ಕೇ ಇಂಥ ಕಡೆ ಬರೀ ಷೇರು ಕೊಟ್ಟು ಕೈತೊಳೆದುಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ.

ಮೊದಲು ಕೇಳಿದ ಪ್ರೆಸ್ಸಿನ ಮೇಡಂ: ಸರ್, ಕೊನೆಯದಾಗಿ ಕೇಳ್ತೀನಿ. ಇತ್ತೀಚೆಗೆ "ವ್ಯಾಪಾರವೇ ಇಲ್ಲ" ಅಂತಾರೆ. ಆದರೆ ಮೆಷಿನ್ ರಾತ್ರಿಯೂ ಓಡುತ್ತಿರುತ್ತದೆ.

ಉತ್ತರ: ಬೇರೆಯಾಗುವ ಹೊತ್ತಿಗೆ ಸರಿಯಾಗಿ ಲಾಭ ಇಳಿಯುವುದನ್ನು ನಾವು ಬಹಳ ನೋಡುತ್ತೇವೆ. ಅದಕ್ಕೇ ಒಂದೇ ವರ್ಷದ ಲೆಕ್ಕ ನೋಡದೆ ಮೂರರಿಂದ ಐದು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಬೆಲೆ ಯಾವ ತಾರೀಖಿಗೆ ಕಟ್ಟಬೇಕು ಅನ್ನುವುದನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ.

ವ್ಯಾಪಾರ ನಿಜವಾಗಿಯೂ ಬಿದ್ದಿರಲೂಬಹುದು, ಪರೀಕ್ಷೆ ಮಾಡದೆ ಹೇಳಬಾರದು. ಪ್ರೆಸ್ಸಿನಲ್ಲಿ ಪರೀಕ್ಷೆ ಸುಲಭ. ಪೇಪರ್ ಎಷ್ಟು ರೀಮ್ ಬಂತು, ಪ್ಲೇಟ್ ಎಷ್ಟು, ಇಂಕ್ ಎಷ್ಟು, ಕರೆಂಟ್ ಬಿಲ್ ಎಷ್ಟು ಅಂತ ತಿಂಗಳವಾರು ಬರೆಯಿರಿ. ಪಕ್ಕದಲ್ಲಿ ಬಿಲ್ ಮಾಡಿದ ಮೊತ್ತ ಬರೆಯಿರಿ. ಪೇಪರ್ ಮೊದಲಿನಷ್ಟೇ ಬರುತ್ತಿದ್ದು ಬಿಲ್ ಅರ್ಧಕ್ಕೆ ಇಳಿದಿದ್ದರೆ, ಸ್ಟಾಕ್ ಗುಡ್ಡೆ ಬಿದ್ದಿರಬೇಕು, ಇಲ್ಲಾ ಬಿಲ್ ಇಲ್ಲದೆ ಮಾಲು ಹೊರಗೆ ಹೋಗುತ್ತಿರಬೇಕು. ಜಾಬ್ ರಿಜಿಸ್ಟರ್, ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್, ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿಗೆ ಕೊಟ್ಟ ಲೆಕ್ಕ, ಇಷ್ಟರ ಕಾಪಿ ಇಟ್ಟುಕೊಳ್ಳಿ. ಆ ಕೊನೆಯದನ್ನು ಮಾತ್ರ ಮರೆಯಬೇಡಿ. ಸಾಲ ಕೇಳುವಾಗ ಯಾರೂ ವ್ಯಾಪಾರ ಕಡಿಮೆ ಅಂತ ತೋರಿಸುವುದಿಲ್ಲ. ನೀವು ಕೆಲಸದ ಮೇಲೆ ನೋಡುತ್ತಿದ್ದ ಕಾಗದ ಮಾತ್ರ ತೆಗೆದುಕೊಳ್ಳಿ. ಅವರ ಸ್ವಂತ ಇಮೇಲ್, ಫೋನ್ ಪಾಸ್‌ವರ್ಡ್ ತಂಟೆಗೆ ಹೋಗಬೇಡಿ, ಅದು ನಿಮ್ಮ ಮೇಲೇ ತಿರುಗುತ್ತದೆ. ಸಿಗದ ಕಾಗದವನ್ನು ಕೋರ್ಟಿನ ಮೂಲಕ ತರಿಸಲು ವಕೀಲರಿಗೆ ಹೇಳಿ.