‘ಪೋರ್ಟ್ರೇಟ್’‌ಗೆ ಯಾವ ಪದ? ಸಂಜೆಯೊಳಗೆ ಬೇಕು

ನಮಸ್ಕಾರ. ‘ಡಾರ್ಕ್ ಶ್ಯಾಡೋಸ್’ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. 1966ರಿಂದ 1971ರವರೆಗೆ ಅಮೆರಿಕದ ಎಬಿಸಿ ಟಿವಿ ವಾಹಿನಿಯಲ್ಲಿ ಬಂದ ಭೂತಪ್ರೇತಗಳ ಧಾರಾವಾಹಿ. ಅದರ ತುಂಬ ಪೋರ್ಟ್ರೇಟ್‌ಗಳೇ, ಅಂದರೆ ಒಬ್ಬೊಬ್ಬರನ್ನು ನೋಡಿ ಬರೆದ ಬಣ್ಣದ ಚಿತ್ರಗಳು. ಕಾಲಿನ್‌ವುಡ್ ಬಂಗಲೆಯ ಹಜಾರದಲ್ಲಿ ಬಾರ್ನಬಸ್ ಕಾಲಿನ್ಸ್‌ನದೊಂದು ಇದೆ. ಯಾವತ್ತೋ ಸತ್ತ ಹಿರಿಯ ಎಂದು ಮನೆಯವರು ನಂಬಿದ್ದಾರೆ. 1967ರ ಕಂತುಗಳಲ್ಲಿ ಅದೇ ಮುಖದವನು ಬಂದು, ಇಂಗ್ಲೆಂಡಿನಲ್ಲಿರುವ ನಿಮ್ಮ ದಾಯಾದಿ ನಾನು ಅನ್ನುತ್ತಾನೆ. ರಕ್ತ ಹೀರುವ ಆ ಹಳೆಯ ಬಾರ್ನಬಸ್ಸೇ ಅವನು! ಇನ್ನು ಅದೇ ಮನೆತನದ ಹಿಂದಿನ ಕಾಲದ ಹೆಂಗಸು ಜೋಸೆಟ್‌ಳ ಪ್ರೇತ ತನ್ನ ಚಿತ್ರದಿಂದಲೇ ಇಳಿದು ಬರುತ್ತದೆ.

‘ಭಾವಚಿತ್ರ’ ಎಂದು ಬರೆದೆ. ಓದಿದ ಗೆಳತಿಗೆ ಅರ್ಜಿಗೆ ಅಂಟಿಸುವ ಫೋಟೋ ನೆನಪಾಯಿತಂತೆ. ಬೇರೆ ಪದ ಇದೆಯಾ?

ಮರು:
ಭಾವಚಿತ್ರ ಸರಿಯಾಗಿಯೇ ಇದೆ. ಅರ್ಜಿಯಲ್ಲಿ ಬಂತು ಅಂತ ಪದ ಬಿಡಬೇಕಾ? ‘ವ್ಯಕ್ತಿಚಿತ್ರ’ ಮಾತ್ರ ಬೇಡ. ಅದು ಒಬ್ಬರ ಬಗ್ಗೆ ಬರೆಯುವ ಬರಹಕ್ಕೆ ಹೋಗಿಬಿಟ್ಟಿದೆ.

ಮರು:
ಎರಡೂ ಸಂಸ್ಕೃತ. ಮೊಗ ಅಂದರೆ ಮುಖ, ತಿಟ್ಟ ಅಂದರೆ ಚಿತ್ರ. ‘ಮೊಗತಿಟ್ಟ’ ಅನ್ನಿ, ಮುಗಿಯಿತು.

ಮರು:
ಮುಗಿಯಲಿಲ್ಲ ಸರ್. ನಮ್ಮ ಕಡೆ ತಿಟ್ಟು ಅಂದರೆ ದಿಬ್ಬ. ಓದುಗರು ಎಡವುತ್ತಾರೆ.

ಮೇಡಂ, ‘ಪಟ’ ಅನ್ನಿ. ಪಟ ಅಂದರೆ ಮೊದಲು ಬಟ್ಟೆ. ಹಾಯಿಪಟ, ಗಾಳಿಪಟ ನೋಡಿ. ಬಟ್ಟೆಯ ಮೇಲೆ ಬರೆದ ಚಿತ್ರವೂ ಪಟವಾಯಿತು. ಪೋರ್ಟ್ರೇಟ್ ಬರೆಯುವ ಕ್ಯಾನ್ವಾಸೂ ಬಟ್ಟೆಯೇ ಅಲ್ವಾ? ಅದಕ್ಕಿಂತ ಜಾಸ್ತಿ, ದೇವರ ಪಟಕ್ಕೆ ದೀಪ ಹಚ್ಚುತ್ತೇವೆ, ತೀರಿಹೋದ ಅಜ್ಜನ ಪಟದ ಮುಂದೆ ಎಡೆ ಇಡುತ್ತೇವೆ. ಒಳಗೆ ಅವರಿದ್ದಾರೆ ಅಂತಲೇ. ನಿಮ್ಮ ಧಾರಾವಾಹಿಯಲ್ಲೂ ಇದೇ ನಡೆಯುತ್ತದೆ. ವಿಲ್ಲಿ ಲೂಮಿಸ್ ಬಾರ್ನಬಸ್ಸನ ಪಟದ ಮುಂದೆ ನಿಂತರೆ ಎದೆಬಡಿತ ಕೇಳಿಸುತ್ತದೆ. ಭಾವಚಿತ್ರದಿಂದ ಎದೆಬಡಿತ ಕೇಳಿಸಿತು ಅಂತ ಬರೆದು ನೋಡಿ, ಸಪ್ಪೆ.

ಮರು:
ಪಟವೂ ಸಂಸ್ಕೃತವೇ.

ಮರು:
ಹೌದು. ಕುರ್ಚಿ ಅರಬ್ಬಿಯಿಂದ ಬಂದದ್ದು, ಅದನ್ನೂ ಬಿಡುತ್ತೀರಾ? ಓದು ಬಾರದ ನಮ್ಮಜ್ಜಿ ದಿನಾ ಪಟ ಒರೆಸುತ್ತಿದ್ದರು. ಅವರ ಬಾಯಲ್ಲಿದ್ದ ಪದ ನನಗೆ ಕನ್ನಡವೇ.

ಮರು:
ಎಲ್ಲರಿಗೂ ಥ್ಯಾಂಕ್ಸ್. ಮೊದಲ ಸಲ ‘ಎಣ್ಣೆಬಣ್ಣದ ಪಟ’, ಆಮೇಲೆ ಬರೀ ‘ಪಟ’ ಎಂದು ಹಾಕಿದೆ. ನನ್ನನ್ನು ಕಾಡಿದ್ದು ಅದೇ ಮನೆತನದ ಕ್ವೆಂಟಿನ್ನನ ಭಾಗ. ಅವನಿಗೆ ತೋಳವಾಗುವ ಶಾಪ. ಅವನ ಪೋರ್ಟ್ರೇಟ್ ಬರೆಸಿದ ಮೇಲೆ ಆ ಶಾಪ ಚಿತ್ರಕ್ಕೆ ತಗಲುತ್ತದೆ. ಈಗ ಹೀಗಿದೆ: ‘ಹುಣ್ಣಿಮೆ ಬಂತು. ಕ್ವೆಂಟಿನ್ ಮನುಷ್ಯನಾಗಿಯೇ ಉಳಿದ. ಪಟ ತೋಳವಾಯಿತು.’ ಕಳಿಸುತ್ತಿದ್ದೇನೆ.

ಮರು:
ಕಳಿಸಿ. ಮೊಗತಿಟ್ಟ ಅಂದಿದ್ದರೂ ಆ ಸಾಲು ನಿಲ್ಲುತ್ತಿತ್ತು.